ಟೀವಿ ಆಫ್ ಮಾಡಿದ ಮೇಲೆ ಏನು ಉಳಿಯುತ್ತೆ?

ಹಾಸನದ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ ಅಜ್ಜಿಯೊಬ್ಬರು, "ನಿನ್ನ ದಿನಾ ರಾತ್ರಿ ನೋಡ್ತೀನಪ್ಪಾ" ಅಂದ್ರು. ನನಗೆ ಖುಷಿಯೋ ಖುಷಿ. ನಿನ್ನೆ ಹೇಳಿದ ವಿಷಯ ಹೇಗಿತ್ತಮ್ಮಾ ಅಂತ ಕೇಳಿದೆ. "ಅದೆಲ್ಲಾ ಎಲ್ಲಿ ನೆನಪಿರುತ್ತೆ ಮಗಾ? ಮಕ್ಕಳು ಬೆಂಗಳೂರಲ್ಲಿದ್ದಾರೆ. ಮನೇಲಿ ಒಂದು ಮನುಷ್ಯರ ದನಿ ಇರಲಿ ಅಂತ ಹಾಕ್ಕೊಂಡಿರ್ತೀನಿ" ಅಂದ್ರು!

ನಗಬೇಡಿ. ಅರ್ಧ ಗಂಟೆ ಗಂಟಲು ಹರ್ಕೊಂಡು ಮಾತಾಡಿದವನಿಗೆ ಆ ಮಾತು ಚುಚ್ಚಿದ್ದು ನಿಜ. ಆದರೆ ಅಜ್ಜಿ ಹೇಳಿದ್ದರಲ್ಲಿ ದೊಡ್ಡದೊಂದು ಸತ್ಯ ಇದೆ. ಜನ ಟೀವಿ, ಪೇಪರ್ ಮುಂದೆ ಯಾಕೆ ಕೂರ್ತಾರೆ ಅನ್ನೋದು ಅದನ್ನು ನಡೆಸುವ ನಮಗೇ ಪೂರ್ತಿ ಗೊತ್ತಿಲ್ಲ.

1945ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪೇಪರ್ ಹಂಚುವವರು ಮುಷ್ಕರ ಹೂಡಿದರು. ಎರಡು ವಾರಕ್ಕೂ ಹೆಚ್ಚು ಕಾಲ ಮನೆಮನೆಗೆ ಪೇಪರ್ ಇಲ್ಲ. ಜಪಾನ್ ಜೊತೆಗಿನ ಯುದ್ಧ ಇನ್ನೂ ಮುಗಿದಿಲ್ಲದ ಸಮಯ ಅದು. ಬರ್ನಾರ್ಡ್ ಬೆರೆಲ್ಸನ್ ಎಂಬ ವಿದ್ವಾಂಸ ಆಗ ಓದುಗರನ್ನೇ ಕೇಳಿಸಿದ, ನಿಮಗೆ ಏನು ಕಳೆದುಹೋದ ಹಾಗಿದೆ ಅಂತ. ಗಂಭೀರ ಸುದ್ದಿಗೆ ಪೇಪರ್ ಬೇಕೇ ಬೇಕು ಅಂದವರು ಬಹಳ ಮಂದಿ. ಸರಿ, ಯಾವ ಸುದ್ದಿ ತಪ್ಪಿಹೋಯ್ತು ಹೇಳಿ ಅಂದ್ರೆ ಹೆಚ್ಚಿನವರಿಗೆ ಉತ್ತರ ತೋಚಲಿಲ್ಲ. ಅವರಿಗೆ ತಪ್ಪಿದ್ದು ರೇಡಿಯೋ ಕಾರ್ಯಕ್ರಮದ ಪಟ್ಟಿ, ಜಾಹೀರಾತು, ನಿಧನ ವಾರ್ತೆ, ನಾಲ್ಕು ಜನರ ಜೊತೆ ಮಾತಾಡೋಕೆ ಒಂದು ವಿಷಯ. ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ಪೇಪರ್ ಹಿಡಿದು ಕೂರುವ ಆ ಅಭ್ಯಾಸ. ಮೇಯರ್ ಲಾಗಾರ್ಡಿಯಾ ರೇಡಿಯೋದಲ್ಲಿ ಮಕ್ಕಳಿಗೆ ಪೇಪರಿನ ಕಾಮಿಕ್ಸ್ ಓದಿ ಹೇಳಿದ್ದೂ ಆ ದಿನಗಳಲ್ಲೇ.

ಮುಂದೆ ಎಲಿಹು ಕಾಟ್ಜ್ ಎಂಬ ಸಂಶೋಧಕ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ಮಾಧ್ಯಮ ಜನರಿಗೆ ಏನು ಮಾಡುತ್ತೆ ಅಂತ ಎಷ್ಟು ದಿನ ಕೇಳ್ತೀರಿ? ಜನ ಮಾಧ್ಯಮವನ್ನು ಇಟ್ಟುಕೊಂಡು ಏನು ಮಾಡ್ತಾರೆ ಅಂತ ಕೇಳಿ ಅಂದ.

ನಮ್ಮಲ್ಲೇ ನೋಡಿ. ಮಳೆಗಾಲ ಬಂತು ಅಂದ್ರೆ ಮಂಡ್ಯದ ರೈತ ಪೇಪರ್‌ನಲ್ಲಿ ಮೊದಲು ಹುಡುಕೋದು ಕೆಆರ್‌ಎಸ್ ನೀರಿನ ಮಟ್ಟ. 124.80 ಅಡಿ ತುಂಬೋಕೆ ಇನ್ನೆಷ್ಟು ಬಾಕಿ? ಶಿರಸಿಯವರಿಗೆ ಅಡಿಕೆ ಧಾರಣೆ. ವಯಸ್ಸಾದವರಿಗೆ ನಿಧನ ವಾರ್ತೆಯ ಪುಟ. ಬೆಳಗ್ಗೆ ಟೀವಿಯಲ್ಲಿ ರಾಶಿ ಭವಿಷ್ಯ ಕೇಳುವವರಿಗೆ ಬೇಕಾಗಿರೋದು ದಿನ ಶುರು ಮಾಡೋಕೆ ಒಂದಿಷ್ಟು ಧೈರ್ಯ. ಒಬ್ಬರಿಗೆ ಮಾಹಿತಿ, ಒಬ್ಬರಿಗೆ ಸಮಾಧಾನ, ಒಬ್ಬರಿಗೆ ಜೊತೆ.

ನಮ್ಮ ಟಿಆರ್‌ಪಿ ಮೀಟರ್ ಇದನ್ನು ಅಳೆಯಲ್ಲ. ಯಾವ ಚಾನೆಲ್, ಎಷ್ಟು ಹೊತ್ತು ಅಂತ ಮಾತ್ರ ಹೇಳುತ್ತೆ. ಯಾಕೆ ಅಂತ ಹೇಳಲ್ಲ. ಆ ಅಜ್ಜಿ ಮನೆಯಲ್ಲಿ ಮೀಟರ್ ಇದ್ದಿದ್ರೆ, ನನ್ನ ವಾದ ಗೆದ್ದಿತು ಅಂತ ನಾನು ಬೀಗ್ತಿದ್ದೆ!

ಈಗ ನಮ್ಮದೇ ತಪ್ಪಿನ ಮಾತಿಗೆ ಬರ್ತೀನಿ. 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಹೋದ ದಿನ. ಸುದ್ದಿ ಒಂದೇ ಸಾಲು, ಮಧ್ಯಾಹ್ನಕ್ಕೇ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಭಾನುವಾರ ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ಮುಗಿಯುವ ತನಕ ನಾಡಿಗೆ ನಾಡೇ ಟೀವಿ ಮುಂದಿತ್ತು. ಆಗ ಸುದ್ದಿ ವಾಹಿನಿಗಳಿಗೆ ಟಿಆರ್‌ಪಿಯೂ ಇರಲಿಲ್ಲ. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಅದು ನಿಂತಿತ್ತು. ಹಾಗಾದ್ರೆ ಜನ ಯಾಕೆ ಕೂತಿದ್ರು? ಹೊಸ ಮಾಹಿತಿಗಲ್ಲ. ಸಾವಿನ ಮನೆಗೆ ಹೋಗಿ ಕೂರ್ತೀವಲ್ಲ, ಹಾಗೆ. ಒಬ್ಬರೇ ಅಳೋದಕ್ಕಿಂತ ಎಲ್ಲರ ಜೊತೆ ಅತ್ತರೆ ಎದೆ ಹಗುರ.

ನಾವು ಸಾವಿನ ಮನೆಯಲ್ಲಿ ಸುಮ್ಮನೆ ಕೂರೋದು ಬಿಟ್ಟು ಹೃದಯಾಘಾತ, ಜಿಮ್, ವರ್ಕೌಟ್ ಅಂತ ದಿನಗಟ್ಟಲೆ ಕೂಗಿದೆವು. ದುಃಖ ಹಂಚ್ಕೊಳ್ಳೋಕೆ ಬಂದವರಿಗೆ ಭಯ ಹಂಚಿದೆವು. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಆದರೆ ಅದೇ ಪರದೆಯಲ್ಲಿ ಅಪ್ಪು ಕಣ್ಣುಗಳು ನಾಲ್ವರಿಗೆ ಬೆಳಕಾದ ಸುದ್ದಿಯೂ ಬಂತು. ಅದನ್ನು ನೋಡಿ ನೇತ್ರದಾನಕ್ಕೆ ಹೆಸರು ಬರೆಸೋಕೆ ಊರೂರಲ್ಲಿ ಜನ ಮುಂದೆ ಬಂದರು. ನೋಡುವ ಜನ ಅವರೇ. ನಾವು ಏನನ್ನು ಕೈಗಿಟ್ಟೆವು ಅನ್ನೋದರಲ್ಲೇ ಎಲ್ಲಾ ಇತ್ತು.

ಹಾಗಾಗಿ ವೀಕ್ಷಕರೇ, ಇವತ್ತು ಒಂದು ಕೆಲಸ ಮಾಡಿ. ಟೀವಿ ಆಫ್ ಮಾಡಿದ ಮೇಲೆ ಒಂದು ನಿಮಿಷ ಕೂತು ಕೇಳ್ಕೊಳ್ಳಿ. ನಾನು ಏನಕ್ಕೆ ಬಂದಿದ್ದೆ, ಏನು ಸಿಕ್ತು? ವಿಷಯ ತಿಳಿದಿದ್ರೆ ಲಾಭ. ಮನಸ್ಸು ಹಗುರಾಗಿದ್ರೆ ಅದೂ ಲಾಭವೇ. ಬರೀ ಸಿಟ್ಟು, ದಿಗಿಲು ಉಳಿದಿದ್ರೆ ನಾಳೆ ಚಾನೆಲ್ ಬದಲಿಸಿ. ಅದು ನನ್ನ ಚಾನೆಲ್ ಆದರೂ ಸರಿಯೇ. ರಿಮೋಟ್ ನಿಮ್ಮ ಕೈಯಲ್ಲಿದೆ.

ಆ ಅಜ್ಜಿ ಇವತ್ತೂ ಟೀವಿ ಹಾಕಿರ್ತಾರೆ. ಅವರ ಮನೆಯಲ್ಲಿ ಕೇಳಿಸುವ ಒಂದೇ ಒಂದು ದನಿ ನನ್ನದು ಅನ್ನೋದು ನೆನಪಾದಾಗೆಲ್ಲ, ಕೂಗೋಕೆ ಬಾಯಿ ಬರಲ್ಲ.