ಹೃದಯವೂ ಉಣ್ಣಬೇಕು

ನಿಮ್ಮ ಬಲಗೈಯನ್ನೊಮ್ಮೆ ಮುಷ್ಟಿ ಹಿಡಿದು ನೋಡಿರಿ. ಹೆಚ್ಚುಕಡಿಮೆ ಅಷ್ಟೇ ಗಾತ್ರದ, ಸುಮಾರು 300 ಗ್ರಾಂ ತೂಕದ ಸ್ನಾಯುವಿನ ಅಂಗವೊಂದು ನಿಮ್ಮ ಎದೆಗೂಡಿನ ನಡುವೆ, ತುಸು ಎಡಕ್ಕೆ ವಾಲಿ, ತಾಯಿಯ ಗರ್ಭದಲ್ಲಿದ್ದಾಗಿನಿಂದ ಈ ಕ್ಷಣದವರೆಗೂ ಮಿಡಿಯುತ್ತಲೇ ಇದೆ. ನಿಮಿಷಕ್ಕೆ 72 ಬಾರಿ ಎಂದು ಎಣಿಸಿದರೂ ದಿನವೊಂದಕ್ಕೆ 1 ಲಕ್ಷಕ್ಕೂ ಮಿಗಿಲಾದ ಮಿಡಿತಗಳಾಗುತ್ತವೆ. ಚರಕಾಚಾರ್ಯರು ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ಪ್ರಧಾನ ಮರ್ಮಗಳೆಂದು ಹೇಳಿರುವುದು ಸಕಾರಣವಾಗಿಯೇ ಇದೆ.

ಹೃದಯವು ಹರಿಸುವ ರಕ್ತವು ಸಪ್ತಧಾತುಗಳಲ್ಲಿ ಎರಡನೆಯದು. ಪ್ರಾಯದ ವ್ಯಕ್ತಿಯ ದೇಹದಲ್ಲಿ ಅದು ಸುಮಾರು 5 ಲೀಟರಿನಷ್ಟಿರುತ್ತದೆ. ಅದರ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ, ಉಳಿದುದು ಕಣಗಳು. ಕೆಂಪು ರಕ್ತಕಣಗಳು ಪ್ರಾಣವಾಯುವನ್ನು ಹೊತ್ತು ಒಯ್ಯುತ್ತವೆ. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಇವುಗಳ ಆಯುಷ್ಯ ಸುಮಾರು 120 ದಿನ. ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಪ್ಲೇಟ್‌ಲೆಟ್‌ಗಳು ಗಾಯವಾದಲ್ಲಿ ಒಟ್ಟುಗೂಡಿ ನೆತ್ತರನ್ನು ಹೆಪ್ಪುಗಟ್ಟಿಸಿ ಕಾಪಾಡುತ್ತವೆ.

ಹೃದಯದೊಳಗೆ ನಾಲ್ಕು ಕೋಣೆಗಳಿವೆ. ದೇಹವನ್ನೆಲ್ಲ ಸುತ್ತಿ ಬಂದ ರಕ್ತವು ಬಲಭಾಗದ ಕೋಣೆಗಳಿಗೆ ಬಂದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗಿ, ಪ್ರಾಣವಾಯುವನ್ನು ತುಂಬಿಕೊಂಡು ಎಡಭಾಗಕ್ಕೆ ಮರಳುತ್ತದೆ. ಎಡ ಹೃತ್ಕುಕ್ಷಿಯು ಅದನ್ನು ಮಹಾಪಧಮನಿಯ ಮೂಲಕ ಸರ್ವಾಂಗಗಳಿಗೆ ತಳ್ಳುತ್ತದೆ. ಒಳಗಿನ ಕವಾಟಗಳು ರಕ್ತವನ್ನು ಹಿಂದಕ್ಕೆ ಹರಿಯಗೊಡುವುದಿಲ್ಲ. ರಕ್ತವು ಹೀಗೆ ಸುತ್ತುತ್ತಲೇ ಇರುತ್ತದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಯೋಗಸಹಿತ ವಿವರಿಸಿದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದಾಸೋಹದಲ್ಲಿ ಬಡಿಸುವವರು ಕೈಯಲ್ಲಿರುವ ಪಾತ್ರೆಯಿಂದಲೇ ಉಣ್ಣುವುದಿಲ್ಲ. ತಾವೂ ಪಂಕ್ತಿಯಲ್ಲಿ ಕುಳಿತು ಬಡಿಸಿಕೊಂಡೇ ಉಣ್ಣುತ್ತಾರೆ. ಹೃದಯದ ರೀತಿಯೂ ಅಂತಹುದೇ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವು ತನ್ನ ಕೋಣೆಗಳ ಮೂಲಕವೇ ಹಾದುಹೋದರೂ, ಹೃದಯದ ದಪ್ಪ ಸ್ನಾಯುವಿಗೆ ಆ ರಕ್ತವು ನೇರವಾಗಿ ಒದಗುವುದಿಲ್ಲ. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಎರಡು ಕಿರಿದಾದ ಹೃದಯಧಮನಿಗಳೇ ಅದಕ್ಕೆ ಆಹಾರ ತಂದುಕೊಡಬೇಕು. ಅದೂ ಬಹುಪಾಲು ಎರಡು ಮಿಡಿತಗಳ ನಡುವಣ ಅರ್ಧ ಸೆಕೆಂಡಿನಷ್ಟು ವಿಶ್ರಾಂತಿಯ ಹೊತ್ತಿನಲ್ಲಿ.

ತಂಬಾಕು, ಸಿಹಿಮೂತ್ರ, ಹತೋಟಿಗೆ ಬಾರದ ರಕ್ತದೊತ್ತಡ, ವ್ಯಾಯಾಮವಿಲ್ಲದ ಬದುಕು ಇವುಗಳಿಂದ ಆ ಧಮನಿಗಳ ಒಳಗೋಡೆಯಲ್ಲಿ ಮೇದಸ್ಸು ಶೇಖರವಾಗುತ್ತದೆ. ಒಂದು ದಿನ ಆ ಪದರ ಬಿರಿದರೆ, ಗಾಯವೆಂದೇ ಬಗೆದು ಪ್ಲೇಟ್‌ಲೆಟ್‌ಗಳು ಅಲ್ಲಿ ಒಟ್ಟುಗೂಡುತ್ತವೆ. ಕಾಯಬೇಕಾದ ಹೆಪ್ಪೇ ದಾರಿಯನ್ನು ಮುಚ್ಚುತ್ತದೆ. ಇದೇ ಹೃದಯಾಘಾತ. ದಾರಿ ಪೂರ್ಣ ಮುಚ್ಚಿದರೆ ಅರ್ಧ ಗಂಟೆಯೊಳಗಾಗಿಯೇ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲವೆಂದೇ ತಿಳಿಯಬೇಕು.

ನನ್ನ ವೃತ್ತಿಜೀವನದ ಮೊದಲ ವರ್ಷಗಳ ಒಂದು ಸಂಜೆಯನ್ನು ನಾನು ಮರೆತಿಲ್ಲ. ಐವತ್ತರ ಆಸುಪಾಸಿನ ರೈತರೊಬ್ಬರು ಹೊಲದಿಂದ ನೇರವಾಗಿ ನನ್ನ ಚಿಕಿತ್ಸಾಲಯಕ್ಕೆ ಬಂದರು. “ಎದಿಗುಂಡಿಗಿ ಹತ್ರ ಹಿಡದಂಗಾಗೇದ್ರಿ, ಗ್ಯಾಸ್ ಇರಬೇಕು” ಎಂದರು. ಅಂಗಿ ಬೆವರಿನಿಂದ ತೊಯ್ದಿತ್ತು. ಬಿಸಿಲಲ್ಲಿ ದುಡಿದ ಬೆವರೆಂದು ಭಾವಿಸಿದೆ. ಹಿಂಗ್ವಾಷ್ಟಕ ಚೂರ್ಣ ಕೊಟ್ಟು ಮನೆಗೆ ಕಳುಹಿಸಿದೆ. ಬೆಳಗಾಗುವಷ್ಟರಲ್ಲಿ ಅವರು ಲಿಂಗೈಕ್ಯರಾದ ಸುದ್ದಿ ಬಂದಿತು. ತಪ್ಪು ಚೂರ್ಣದ್ದಲ್ಲ, ಅಜೀರ್ಣಕ್ಕೆ ಅದು ಉತ್ತಮ ಔಷಧವೇ. ತಪ್ಪು ನನ್ನದು. ಅಂದಿನಿಂದ ಎದೆಯ ಹಿಡಿತವೆಂದು ಬಂದವರನ್ನು ಇಸಿಜಿ ತೆಗೆಸದೆ ನಾನು ಮನೆಗೆ ಕಳುಹಿಸಿಲ್ಲ.

ಆದುದರಿಂದ ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಎದೆಯ ನಡುವೆ ಭಾರ ಇಟ್ಟಂತಾಗುವುದು, ನೋವು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಇವು ಕಂಡರೆ ಸೋಡಾ, ಶುಂಠಿ ಕಷಾಯ ಎಂದು ಹೊತ್ತು ಕಳೆಯಬೇಡಿರಿ. ಸಿಹಿಮೂತ್ರವುಳ್ಳವರಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ಕೆಲವೊಮ್ಮೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಮಾತ್ರ ಇರಬಹುದು. ರೋಗಿಯನ್ನು ನಡೆಸದೆ, ವಾಹನ ಓಡಿಸಗೊಡದೆ 108ಕ್ಕೆ ಕರೆ ಮಾಡಿರಿ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಈಗ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ದೊರೆಯುತ್ತದೆ. ಮೊದಲ ಗಂಟೆಗಳಲ್ಲಿ ಅದು ಸಿಕ್ಕಷ್ಟೂ ಫಲ ಹೆಚ್ಚು.

ಪಥ್ಯ, ನಡಿಗೆ, ತಂಬಾಕಿನ ತ್ಯಾಗ, ವೈದ್ಯರು ಹೇಳಿದ ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ಸೇವಿಸುವುದು ಇವು ನಿತ್ಯದ ಕೆಲಸ. ಆಪತ್ತಿನ ಹೊತ್ತಿನ ಕೆಲಸ ಬೇರೆ. ಪರೀಕ್ಷೆಯ ನಂತರ ಅದು ಗ್ಯಾಸ್ ಎಂದೇ ತಿಳಿದುಬಂದರೆ ನಗುತ್ತ ಮನೆಗೆ ಬನ್ನಿರಿ. ಚೂರ್ಣವನ್ನು ಆಗ ನಾನೇ ಕೊಡುತ್ತೇನೆ.