ಅಂಗಾಲಿನ ಕಮಾನು

ಮಲಪನಗುಡಿಯಿಂದ ಹಂಪಿ ಬಹಳ ದೂರವಿಲ್ಲ. ಅಲ್ಲಿ ಕಮಲ ಮಹಲಿನ ಕಮಾನು ನೋಡಿದ್ದೇವಲ್ಲ? ನಮ್ಮ ಅಂಗಾಲಲ್ಲೂ ಅಂಥ ಕಮಾನು ಇದೆ. ಒದ್ದೆ ಕಾಲನ್ನು ಒಣ ಬಂಡೆಯ ಮೇಲೆ ಇಟ್ಟು ನೋಡೋಣ. ಒಳಪಕ್ಕ ಅಚ್ಚು ಮೂಡದ ಜಾಗವೇ ಕಮಾನು. ಪೂರಾ ಪಾದ ಮೂಡಿದರೆ ಚಪ್ಪಟೆ ಪಾದ. ನೋವಿಲ್ಲದಿದ್ದರೆ ಅದೇನೂ ರೋಗವಲ್ಲ.

ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಗಟ್ಟಿ ನಾರಿನ ಪಟ್ಟಿ ಈ ಕಮಾನನ್ನು ಹಿಡಿದಿರುತ್ತದೆ. ದಿನವಿಡೀ ನಿಂತು, ಹೊರೆ ಹೊತ್ತು ದುಡಿದರೆ ಅದು ನೋಯುತ್ತದೆ. ಮುಂಜಾನೆ ಮೊದಲ ಹೆಜ್ಜೆಗೇ "ಯವ್ವಾ" ಅಂತೀವಿ. ಹಾಸಿಗೆ ಬಿಡುವ ಮುಂಚೆ ಕಾಲ್ಬೆರಳನ್ನು ಕೈಯಿಂದ ಮೇಲಕ್ಕೆ ಎಳೆದು 10 ಎಣಿಸೋಣ. ಹೀಗೆ 10 ಸಲ. ಹಿಮ್ಮಡಿಗೆ ಮೆತ್ತನೆ ಚಪ್ಪಲಿ ಬೇಕು. ಮನೆಯಲ್ಲಿ ಎಲ್ಲರಿಗೂ ಹೊಸದು, ನಮಗೆ ಮಾತ್ರ ಸವೆದದ್ದು ಯಾಕೆ?

ಸಕ್ಕರೆ ಕಾಯಿಲೆ ಇದ್ದವರು ಅಂಗಾಲನ್ನು ದಿನಾ ನೋಡಿಕೊಳ್ಳಬೇಕು. ಜೋಮು ಹಿಡಿದ ಕಾಲಿಗೆ ಸುಟ್ಟರೂ ಗೊತ್ತಾಗೋದಿಲ್ಲ. ಬಿಸಿನೀರಲ್ಲಿ ಕಾಲು ಇಡಬಾರದು. ಗಾಯ ಕಂಡ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.