ಸಾರಥಿಯ ಮಾತು ಕೇಳುವ ರಥ

ಕಾರನ್ನು ಕಂಡೊಡನೆ ಎಲ್ಲರೂ ಕೇಳುವುದು, "ಎಷ್ಟು ವೇಗ ಹೋಗುತ್ತದೆ?" ಎಂದು. ಕಲಾ ವಿಭಾಗದವನಾದರೂ ನಾನು ಕೇಳಬಯಸುವುದು ಬೇರೆ: ತಿರುವಿನಲ್ಲಿ ಅದು ಸಾರಥಿಯ ಮಾತು ಕೇಳುತ್ತದೆಯೇ? ಕುಳಿತವರ ಪ್ರಾಣ ನಿಂತಿರುವುದು ಈ ಪ್ರಶ್ನೆಯ ಮೇಲೆ.

1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಿನಿ ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಉದ್ದ ಸುಮಾರು 10 ಅಡಿ. ಎಂಜಿನ್ 848 ಸಿ.ಸಿ. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ಇಟ್ಟು, ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ಸರಿಸಿದರು. ಕಾಲಗಲಿಸಿ ನಿಂತ ಜಟ್ಟಿಯನ್ನು ಬೀಳಿಸುವುದು ಸುಲಭವೇ?

ಹಳೆಯ ಕಾರುಗಳಲ್ಲಿ ಚಾಸಿ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸುತ್ತಿದ್ದರು. ತಿರುವಿನಲ್ಲಿ ಚೌಕಟ್ಟು ತಿರುಚಿಕೊಂಡರೆ ಚಕ್ರಗಳು ನೆಲದ ಮೇಲೆ ನಿಲ್ಲುವ ಕೋನವೇ ಬದಲಾಗುತ್ತದೆ. ಮಿನಿಯಲ್ಲಾದರೋ ಒಡಲೇ ಚಾಸಿ; ಪೆಟ್ಟಿಗೆಯಂತೆ ಎಲ್ಲ ಪಕ್ಕಗಳೂ ಸೇರಿ ಬಿಗಿ ಕೊಡುತ್ತವೆ.

ಇನ್ನು ಸ್ಟಿಯರಿಂಗ್. ಅದರ ಕಂಬದ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿ, ಹಲ್ಲುಗಳುಳ್ಳ ಸರಳೊಂದನ್ನು ಎಡಬಲಕ್ಕೆ ಸರಿಸುತ್ತದೆ. ಸರಳು ಮುಂದಿನ ಚಕ್ರಗಳನ್ನು ಹೊರಳಿಸುತ್ತದೆ. ನಡುವೆ ಕೀಲುಗಳು ಕಡಿಮೆ, ಆದ್ದರಿಂದ ಸಡಿಲವೂ ಕಡಿಮೆ. ಚಾಲಕನ ಅಪ್ಪಣೆ ಚಕ್ರಕ್ಕೆ ಮುಟ್ಟುವಂತೆಯೇ ನೆಲದ ಸಮಾಚಾರವೂ ಅವನ ಕೈಗೆ ಮುಟ್ಟುತ್ತದೆ. ಮುಂದಿನ ಚಕ್ರ ಜಾರತೊಡಗಿದರೆ ಸ್ಟಿಯರಿಂಗ್ ಹಗುರವಾಗಿ ಎಚ್ಚರಿಸುತ್ತದೆ.

1964ರ ಮಾಂಟೆ ಕಾರ್ಲೊ ರ್‍ಯಾಲಿಯ ಬೆಟ್ಟದ ದಾರಿಗಳಲ್ಲಿ 1071 ಸಿ.ಸಿ.ಯ ಮಿನಿ ಕೂಪರ್ ಎಸ್, ತನ್ನ ನಾಲ್ಕು ಪಟ್ಟಿಗೂ ಮಿಗಿಲಾದ ಎಂಜಿನ್ನಿನ ಫೋರ್ಡ್ ಫಾಲ್ಕನ್ ಕಾರುಗಳನ್ನು ಹಿಂದಿಕ್ಕಿ ಗೆದ್ದಿತು. ನೇರ ದಾರಿಯಲ್ಲಿ ಫಾಲ್ಕನ್ನಿನದೇ ಮೇಲುಗೈ. ಆದರೆ ಬೆಟ್ಟದಲ್ಲಿ ನೇರ ದಾರಿ ಎಷ್ಟಿದ್ದೀತು?

ಆದುದರಿಂದ, ಮಿತ್ರರೇ, ಕಾರು ಕೊಳ್ಳುವ ಯೋಗ ನಿಮಗೆ ಬಂದಾಗ ವೇಗವನ್ನು ವಿಚಾರಿಸುವ ಮೊದಲು ಸ್ಟಿಯರಿಂಗಿನ ಸಡಿಲವನ್ನು ಪರೀಕ್ಷಿಸಿರಿ.